ಡಿಸ್ಕೋ ತಾಳಕ್ಕೆ ಹತ್ತು ರಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳ ಅಂಕಣದಲ್ಲಿ ವಿದ್ಯುತ್ತಿನಿಂದ ಧ್ವನಿ ಹುಟ್ಟಿಸುವ ಸಿಂಥಸೈಜರ್ ವಾದ್ಯದ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತ, ಚರಣಜಿತ್ ಸಿಂಗ್ ಅವರ ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬ ಧ್ವನಿಮುದ್ರಿಕೆಯನ್ನು ಒಂದೇ ಸಾಲಿನಲ್ಲಿ ಹೆಸರಿಸಿದ್ದೆ. ಈ ತಿಂಗಳು ಬಂದ ಕಾಗದಗಳಲ್ಲಿ ಹೆಚ್ಚಿನವು ಆ ಸಾಲನ್ನೇ ಹಿಡಿದುಕೊಂಡು ಬಂದಿವೆ. ಹಾರ್ಮೋನಿಯಂ ದುರಸ್ತಿ, ಮಕ್ಕಳ ಸಂಗೀತ ಪರೀಕ್ಷೆ ಮುಂತಾದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು, ಈ ಸಲದ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಕೊಡುತ್ತಿದ್ದೇನೆ.

ಕೇಳದವರಿಗಾಗಿ ಎರಡು ಮಾತು. ಚರಣಜಿತ್ ಸಿಂಗ್ ಮುಂಬೈಯ ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ಗಿಟಾರ್, ಬೇಸ್ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದ ವೃತ್ತಿಪರ ವಾದಕರು. ಶಂಕರ್–ಜೈಕಿಶನ್, ಆರ್.ಡಿ. ಬರ್ಮನ್ ಅವರಂಥ ನಿರ್ದೇಶಕರ ಜೊತೆ ಕೆಲಸ ಮಾಡಿದವರು. 1982ರಲ್ಲಿ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ, ಅಂದರೆ ನಾವೆಲ್ಲ ಎಚ್‌ಎಂವಿ ಎಂದು ಕರೆಯುತ್ತಿದ್ದ ಸಂಸ್ಥೆ, ಅವರ ಈ ಎಲ್‌ಪಿಯನ್ನು ತಂದಿತು. ಹತ್ತು ರಾಗಗಳು, ಒಂದೊಂದೂ ಸುಮಾರು ಐದು ನಿಮಿಷ. ಗಾಯಕರಿಲ್ಲ, ತಬಲಾ ಇಲ್ಲ. ಇರುವುದು ಮುಖ್ಯವಾಗಿ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು: ತಾಳಕ್ಕೆ ಟಿಆರ್-808, ಕೆಳಸ್ವರದ ಓಟಕ್ಕೆ ಟಿಬಿ-303, ರಾಗವನ್ನು ನುಡಿಸಲು ಜ್ಯೂಪಿಟರ್-8.

ಹುಬ್ಬಳ್ಳಿಯಿಂದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು: ಮೇಡಂ, ‘ಆ್ಯಸಿಡ್ ಹೌಸ್’ ಎಂಬ ನೃತ್ಯ ಸಂಗೀತವನ್ನು ಅಮೆರಿಕದವರಿಗಿಂತ ಐದು ವರ್ಷ ಮೊದಲೇ ಒಬ್ಬ ಭಾರತೀಯರು ಕಂಡುಹಿಡಿದರು ಎಂದು ಹಲವು ವಿಡಿಯೊಗಳಲ್ಲಿ ನೋಡಿದೆ. ನಿಜವೇ?

ಅರ್ಧ ನಿಜ. ಆ ಅರ್ಧ ಯಾವುದು ಎಂದು ಬಿಡಿಸಿ ಹೇಳುತ್ತೇನೆ.

ಟಿಬಿ-303 ಎಂಬುದು ಅಂಗೈ ಎರಡರಷ್ಟು ಅಗಲದ, ಬೆಳ್ಳಿ ಬಣ್ಣದ ಪೆಟ್ಟಿಗೆ. ಬೇಸ್ ಗಿಟಾರ್ ವಾದಕರು ಸಿಗದಿದ್ದಾಗ ಒಬ್ಬಂಟಿ ಕಲಾವಿದರ ಜೊತೆಗೆ ನುಡಿಯಲಿ ಎಂದು ಮಾಡಿದ ಯಂತ್ರ ಅದು. ಬೇಸ್ ಗಿಟಾರಿನಂತೆ ಕೇಳಿಸಲಿಲ್ಲ, ಸ್ವರಗಳನ್ನು ತುಂಬಿಸುವ ಕ್ರಮವೂ ಕಷ್ಟವಾಗಿತ್ತು. ಮಾರಾಟವಾಗದೆ 1984ರ ಹೊತ್ತಿಗೆ ತಯಾರಿಕೆಯೇ ನಿಂತಿತು. ಹಾಗೆ ಮೂಲೆ ಸೇರಿದ ಪೆಟ್ಟಿಗೆಗಳು ಅಮೆರಿಕದ ಚಿಕಾಗೋದಲ್ಲಿ ಅಗ್ಗಕ್ಕೆ ಸಿಕ್ಕವು. ಅಲ್ಲಿ ಫ್ಯೂಚರ್ ಎಂಬ ಹೆಸರಿನ ತಂಡದ ಮೂವರು ಯುವಕರು ಅದರ ನಾಬ್‌ಗಳನ್ನು ನುಡಿಯುತ್ತಿರುವಾಗಲೇ ತಿರುಗಿಸಿ, ಧ್ವನಿಯನ್ನು ಕೀರಲುಗೊಳಿಸಿ, ಮತ್ತೆ ಮಂದಗೊಳಿಸಿ ಒಂದು ಉದ್ದನೆಯ ಕೃತಿ ಮಾಡಿದರು. 1987ರಲ್ಲಿ ಅದು ‘ಆ್ಯಸಿಡ್ ಟ್ರ್ಯಾಕ್ಸ್’ ಎಂಬ ಹೆಸರಿನಲ್ಲಿ ಹೊರಬಂತು. ಆ್ಯಸಿಡ್ ಹೌಸ್ ಪರಂಪರೆ ಶುರುವಾಗುವುದು ಅಲ್ಲಿಂದ.

ಈಗ ಸಿಂಗ್ ಅವರ ‘ರಾಗ ಭೈರವ’ವನ್ನೋ ‘ರಾಗ ಮಾಲಕೌಂಸ್’ ಅನ್ನೋ ಹಾಕಿ ಕೇಳಿ. ಅದೇ ಪೆಟ್ಟಿಗೆ, ಅದೇ ಜಾರುವ ಕೆಳಸ್ವರ, ಅದೇ ಎಡೆಬಿಡದ ನಾಲ್ಕರ ನಡೆ. ಚಿಕಾಗೋದ ಧ್ವನಿಗೆ ಎಷ್ಟು ಹತ್ತಿರವಿದೆಯೆಂದರೆ, 2010ರಲ್ಲಿ ಇದು ಮರುಮುದ್ರಣವಾದಾಗ ಯುರೋಪಿನ ಕೆಲವರು ನಂಬಲೇ ಇಲ್ಲ. ಹಳೆಯ ಮುದ್ರಿಕೆಯಂತೆ ವೇಷ ಹಾಕಿಸಿದ ಹೊಸ ಕೀಟಲೆ ಇದು, ಏಫೆಕ್ಸ್ ಟ್ವಿನ್‌ನಂಥ ಯಾರೋ ಇಂಗ್ಲೆಂಡಿನ ಕಲಾವಿದ ಮಾಡಿರಬೇಕು ಎಂದು ಅನುಮಾನಪಟ್ಟರು. ಧ್ವನಿಯ ಮಟ್ಟಿಗೆ, ಕಾಲದ ಮಟ್ಟಿಗೆ ವಿಡಿಯೊಗಳು ಹೇಳುವುದು ಸರಿ.

‘ಕಂಡುಹಿಡಿದರು’ ಎನ್ನುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಒಂದು ಶೈಲಿ ಹುಟ್ಟಿತು ಎನ್ನಬೇಕಾದರೆ ಅದನ್ನು ಕೇಳಿದವರು ಇರಬೇಕು, ಕೇಳಿ ಮುಂದಕ್ಕೆ ಒಯ್ದವರು ಇರಬೇಕು. ಚಿಕಾಗೋದ ಹುಡುಗರು ಮುಂಬೈಯ ಈ ಎಲ್‌ಪಿಯನ್ನು ಕೇಳಿದ್ದರು ಎನ್ನಲು ಯಾವ ಆಧಾರವೂ ಇಲ್ಲ. ಇಬ್ಬರೂ ಒಂದೇ ಯಂತ್ರವನ್ನು ಕೈಗೆತ್ತಿಕೊಂಡರು, ಎರಡು ಬೇರೆ ಹಸಿವುಗಳಿಂದ. ಚಿಕಾಗೋದವರಿಗೆ ಆ ಧ್ವನಿಯ ಬದಲಾವಣೆಯೇ ಮುಖ್ಯ, ಕೃತಿ ನಡೆಯುವುದೇ ನಾಬ್ ತಿರುಗುವುದರಲ್ಲಿ. ಸಿಂಗ್ ಅವರಿಗೆ ಮುಖ್ಯವಾದದ್ದು ಮೇಲೆ ನಡೆಯುವ ರಾಗ. ಇನ್ನು 303 ಅನ್ನು ಮೊದಲು ಬಳಸಿದವರ ಪಟ್ಟಿ ಬರೆಯಲು ಕೂತರೆ, ಸ್ಕಾಟ್ಲೆಂಡಿನ ಆರೆಂಜ್ ಜ್ಯೂಸ್ ತಂಡ, ಇಟಲಿಯ ಅಲೆಕ್ಸಾಂಡರ್ ರೊಬೊಟ್ನಿಕ್ ಮುಂತಾದವರೂ ಆ ಒಂದೆರಡು ವರ್ಷಗಳಲ್ಲೇ ಸಿಗುತ್ತಾರೆ.

ಪತ್ರಿಕೆಗಳಿಗೆ, ವಿಡಿಯೊ ಮಾಡುವವರಿಗೆ ‘ಮೊದಲಿಗ’ ಎನ್ನುವ ತಲೆಬರಹ ಬೇಕು. 2010ರಿಂದ ಈಚೆಗೆ ಈ ಧ್ವನಿಮುದ್ರಿಕೆ ಮಾಧ್ಯಮಗಳಲ್ಲಿ ಬಳಕೆಯಾದದ್ದೇ ಹೆಚ್ಚಾಗಿ ಹಾಗೆ: ಭೈರವದ ಮೊದಲ ಅರ್ಧ ನಿಮಿಷ ಕೇಳಿಸಿ, ಇಸವಿಯನ್ನು ದೊಡ್ಡಕ್ಷರದಲ್ಲಿ ತೋರಿಸಿ ಮುಗಿಸುತ್ತಾರೆ. ಉಳಿದ ಒಂಬತ್ತು ರಾಗಗಳ ಹೆಸರನ್ನೂ ಹೇಳುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಒಬ್ಬ ಸಂಗೀತಗಾರನನ್ನು ಓಟದ ಪಂದ್ಯದಲ್ಲಿ ಗೆಲ್ಲಿಸಿ, ಆತ ನುಡಿಸಿದ್ದನ್ನು ಕೇಳದೇ ಹೋಗುವುದು ಗೌರವವಲ್ಲ.

ಶಿರಸಿಯಿಂದ ಉಪನ್ಯಾಸಕಿಯೊಬ್ಬರು: ನಾನು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಈ ಧ್ವನಿಮುದ್ರಿಕೆಯನ್ನು ಕೇಳಿದೆ, ಖುಷಿಯೂ ಆಯಿತು, ಕಸಿವಿಸಿಯೂ ಆಯಿತು. ಇದನ್ನು ರಾಗ ಎನ್ನಬಹುದೇ? ನಮ್ಮ ಗುರುಗಳಿಗೆ ಕೇಳಿಸಲು ಧೈರ್ಯವಾಗಲಿಲ್ಲ.

ನಿಮ್ಮ ಪ್ರಶ್ನೆಗಾಗಿಯೇ ಈ ಪುಟಗಳನ್ನು ತೆರವು ಮಾಡಿದೆ ಎಂದರೂ ಸರಿ. ಹತ್ತು ವರ್ಷಕ್ಕೂ ಮಿಕ್ಕಿ ಜಗತ್ತಿನ ಎಲ್ಲೆಡೆ ಇದರ ಬಗ್ಗೆ ಬರೆದಿದ್ದಾರೆ, ಯಂತ್ರಗಳ ಬಗ್ಗೆ ಬರೆದಿದ್ದಾರೆ, ಇಸವಿಯ ಬಗ್ಗೆ ಬರೆದಿದ್ದಾರೆ. ರಾಗದ ಕಿವಿಯಿಂದ ಕೇಳಿ ಬರೆದದ್ದು ತೀರಾ ಕಡಿಮೆ.

ಮೊದಲು ರಾಗಗಳ ಸಾಲನ್ನು ನೋಡಿ. ಮೊದಲ ಬದಿಯಲ್ಲಿ ಭೈರವ, ಲಲಿತ್, ಭೂಪಾಲಿ, ತೋಡಿ, ಮಧುವಂತಿ. ಎರಡನೆಯ ಬದಿಯಲ್ಲಿ ಮೇಘ ಮಲ್ಹಾರ, ಯಮನ್, ಕಲಾವತಿ, ಮಾಲಕೌಂಸ್, ಬೈರಾಗಿ. ಬೆಳಗಿನ ಭೈರವ, ಲಲಿತ್‌ಗಳಿಂದ ಹೊರಟು, ಹೊತ್ತೇರಿದ ಮೇಲಿನ ತೋಡಿ, ಮಧ್ಯಾಹ್ನ ಇಳಿಯುವಾಗಿನ ಮಧುವಂತಿ, ದೀಪ ಹಚ್ಚುವ ಹೊತ್ತಿನ ಯಮನ್, ರಾತ್ರಿಯ ಕಲಾವತಿ, ನಡುರಾತ್ರಿಯ ಮಾಲಕೌಂಸ್, ಕೊನೆಗೆ ಮತ್ತೆ ಬೆಳಗಿನ ಬೈರಾಗಿ. ಸಂಜೆಯ ಭೂಪಾಲಿಯೊಂದು ಮುಂದಕ್ಕೆ ಬಂದಿದೆ, ಮಳೆಗಾಲದ ಮೇಘಕ್ಕೆ ಋತುವೇ ಸಮಯ. ಉಳಿದದ್ದು ಗಡಿಯಾರದ ಮುಳ್ಳಿನಂತೆ ಸಾಗುತ್ತದೆ. ಕರ್ನಾಟಕ ಸಂಗೀತ ಬಲ್ಲ ಓದುಗರು ಭೈರವವನ್ನು ಮಾಯಾಮಾಳವಗೌಳವೆಂದು, ಭೂಪಾಲಿಯನ್ನು ಮೋಹನವೆಂದು, ತೋಡಿಯನ್ನು ಶುಭಪಂತುವರಾಳಿಯೆಂದು, ಯಮನ್ ಅನ್ನು ಕಲ್ಯಾಣಿಯೆಂದು, ಕಲಾವತಿಯನ್ನು ವಲಚಿಯೆಂದು, ಮಾಲಕೌಂಸ್ ಅನ್ನು ಹಿಂದೋಳವೆಂದು, ಬೈರಾಗಿಯನ್ನು ರೇವತಿಯೆಂದು ಸ್ವರಗಳ ಮಟ್ಟಿಗೆ ಗುರುತಿಸಿಕೊಳ್ಳಬಹುದು. ಹೊಸ ಯಂತ್ರ ಸಿಕ್ಕ ಹುರುಪಿನಲ್ಲಿ ಕೈಗೆ ಬಂದದ್ದನ್ನು ನುಡಿಸಿದವರ ಪಟ್ಟಿ ಇದಲ್ಲ. ಯೋಚಿಸಿ ಜೋಡಿಸಿದವರ ಪಟ್ಟಿ.

ಈಗ ಕಸಿವಿಸಿಯ ವಿಷಯ. ನಿಮ್ಮ ಕಿವಿ ಎಲ್ಲಿ ಮುಗ್ಗರಿಸಿತು ಎಂದು ಊಹಿಸಬಲ್ಲೆ: ತೋಡಿಯ ಗಾಂಧಾರದಲ್ಲಿ. ನಮ್ಮ ಗಾಯಕರು ತೋಡಿಯ ಕೋಮಲ ಗಾಂಧಾರವನ್ನು ಎಷ್ಟು ಕೆಳಗೆ ಹಿಡಿದು ನಿಲ್ಲಿಸುತ್ತಾರೆ, ಭೈರವದ ರಿಷಭವನ್ನು ಹೇಗೆ ತೂಗಿಸುತ್ತಾರೆ ಎಂಬುದನ್ನು ನೀವು ದಿನವೂ ಅಭ್ಯಾಸ ಮಾಡುತ್ತೀರಿ. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ ಕೀಬೋರ್ಡಿನಲ್ಲಿ ಆ ಗಾಂಧಾರದ ಮನೆಯೇ ಇಲ್ಲ. ಸಿಂಗ್ ಅವರ ತೋಡಿಯಲ್ಲಿ ರಾಗದ ಚಲನೆ ಇದೆ, ಅದರ ಆರ್ತತೆ ಇಲ್ಲ. ಹತ್ತರಲ್ಲಿ ನನಗೆ ತೀರಾ ದುರ್ಬಲವಾಗಿ ಕೇಳಿಸುವುದು ಅದೇ.

ಆದರೆ ಈ ದೋಷವನ್ನು ಹೊರಿಸುವಾಗ ನಾವು ಹಾರ್ಮೋನಿಯಂ ನುಡಿಸುವವರು ಸ್ವಲ್ಪ ತಡೆಯುತ್ತೇವೆ. ಸ್ವರಗಳು ಕಟ್ಟಿಹಾಕಿದಂತಿವೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಪರದೇಶದ ಪೆಟ್ಟಿಗೆ ಎಂಬ ಇದೇ ಆರೋಪಗಳ ಮೇಲೆ ನಮ್ಮ ವಾದ್ಯವನ್ನು ಆಕಾಶವಾಣಿ 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಅಷ್ಟೂ ವರ್ಷ ಬೆಳಗಾವಿಯ ಪಂಡಿತ ರಾಮಭಾವು ವಿಜಾಪುರೆಯಂಥವರು ಅದೇ ಪೆಟ್ಟಿಗೆಯಲ್ಲಿ ರಾಗವನ್ನು ನುಡಿಸಿ ತೋರಿಸುತ್ತಿದ್ದರು. ಇಲ್ಲದ ಮೀಂಡನ್ನು ಬೆರಳಿನ ನಡೆಯಿಂದ, ಸ್ವರಗಳ ನಡುವಿನ ವಿರಾಮದಿಂದ, ನ್ಯಾಸದಿಂದ, ಅಂದರೆ ಸ್ವರದ ಮೇಲೆ ತಂಗುವುದರಿಂದ, ಹೇಗೆ ಸೂಚಿಸಬೇಕು ಎಂಬುದನ್ನು ನಾವು ಕಲಿತದ್ದು ಅಂಥವರಿಂದ. ಜ್ಯೂಪಿಟರ್-8ಕ್ಕೆ ನಮಗಿಲ್ಲದ ಒಂದು ಅನುಕೂಲವಿದೆ: ಸ್ವರವನ್ನು ಬಗ್ಗಿಸುವ ಸನ್ನೆಕೋಲೊಂದು ಅದರ ಎಡಬದಿಯಲ್ಲಿದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಏರ್ಪಾಡೂ ಇದೆ. ಜೀವನವಿಡೀ ಗಿಟಾರಿನ ತಂತಿ ಎಳೆದ ಕೈ ಸಿಂಗ್ ಅವರದ್ದು. ಆ ಕೈಯ ನೆನಪು ಕೀಲಿಗಳ ಮೇಲೂ ಇಳಿದಿದೆ ಎಂದು ಮಾಲಕೌಂಸ್ ಕೇಳುವಾಗ ನನಗೆ ಅನ್ನಿಸುತ್ತದೆ.

303ರಲ್ಲಿಯೂ ಜಾರುಸ್ವರವಿದೆ. ಆದರೆ ಅದರ ಜಾರುವಿಕೆಗೆ ಒಂದೇ ಅಳತೆ. ಷಡ್ಜದಿಂದ ರಿಷಭಕ್ಕೆ ಹೋಗಲಿ, ಪಂಚಮಕ್ಕೆ ಹೋಗಲಿ, ಯಂತ್ರ ತೆಗೆದುಕೊಳ್ಳುವ ಹೊತ್ತು ಒಂದೇ. ಮೀಂಡಿನಲ್ಲಿ ಎಷ್ಟು ಹೊತ್ತು, ದಾರಿಯಲ್ಲಿ ಯಾವ ಸ್ವರದ ಮೇಲೆ ಎಷ್ಟು ಭಾರ ಎಂಬುದನ್ನು ಗಾಯಕರು ಆ ಗಳಿಗೆಯಲ್ಲಿ ತೀರ್ಮಾನಿಸುತ್ತಾರೆ. ಹೀಗಾಗಿ 303ರ ಜಾರುವಿಕೆಯನ್ನು ಮೀಂಡ್ ಎಂದು ಹೊಗಳುವ ವಿಮರ್ಶೆಯನ್ನು ನಾನು ಒಪ್ಪುವುದಿಲ್ಲ.

ಅದು ನಿಜವಾಗಿ ಮಾಡುತ್ತಿರುವುದು ಬೇರೆ ಕೆಲಸ, ಅದನ್ನು ಹಾರ್ಮೋನಿಯಂ ಸಾಥ್ ಮಾಡಿದವರು ತಕ್ಷಣ ಗುರುತಿಸುತ್ತಾರೆ. ತಬಲಾ ಸೋಲೋಗೆ ನಾವು ಲೆಹರಾ ಹಿಡಿಯುತ್ತೇವೆ. ತೀನ್‌ತಾಲದ ಹದಿನಾರು ಮಾತ್ರೆಗೆ ಒಂದು ಪುಟ್ಟ ಸ್ವರಾವೃತ್ತ, ಅದನ್ನೇ ಮತ್ತೆ ಮತ್ತೆ, ಅಲುಗಾಡದಂತೆ. ಅದರ ಆಧಾರದ ಮೇಲೆ ತಬಲಾದವರು ಕಾಯದಾ, ರೇಲಾ ಎಂಬ ಬೋಲುಗಳ ರಚನೆಗಳನ್ನು ಬೆಳೆಸುತ್ತಾರೆ. ಟಿಬಿ-303ರಲ್ಲಿ ಒಂದು ಆವೃತ್ತಕ್ಕೆ ಇರುವುದೂ ಹದಿನಾರು ಮನೆಗಳೇ. ಸಿಂಗ್ ಲೆಹರಾವನ್ನು ಯಂತ್ರಕ್ಕೆ ಒಪ್ಪಿಸಿ, ತಾಳವನ್ನೂ ಯಂತ್ರಕ್ಕೆ ಒಪ್ಪಿಸಿ, ಬಿಡುವಾದ ಎರಡೂ ಕೈಗಳಿಂದ ಮೇಲೆ ರಾಗದ ಬಢತ್, ಅಂದರೆ ಹಂತಹಂತದ ವಿಸ್ತಾರ, ಮಾಡಿದ್ದಾರೆ. ಯಂತ್ರದ ಪ್ರತಿ ಆವೃತ್ತವೂ ರಾಗದ ಸ್ವರಗಳಲ್ಲೇ ಇರುವುದರಿಂದ ಕೆಳಗಿನ ಓಟ ಪಾಶ್ಚಾತ್ಯ ಕಾರ್ಡುಗಳಂತೆ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಂತೆ) ನೆಲೆ ಬದಲಿಸುವುದಿಲ್ಲ, ಷಡ್ಜ ಎಲ್ಲಿಯೂ ಕದಲುವುದಿಲ್ಲ. ಸಿನಿಮಾ ಹಾಡಿನಲ್ಲಿ ರಾಗ ತರುವಾಗ ವಾದ್ಯವೃಂದದ ಕಾರ್ಡುಗಳು ಅದನ್ನು ಮೆಲ್ಲಗೆ ಕೆಡಿಸುವುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಇಲ್ಲಿ ಆ ತಪ್ಪು ಆಗಿಲ್ಲ. ಈ ಧ್ವನಿಮುದ್ರಿಕೆಯ ದೊಡ್ಡ ಗುಣ ಇದೇ ಎಂದು ನನ್ನ ಖಚಿತ ಅಭಿಪ್ರಾಯ.

ಕಳೆದುಕೊಂಡದ್ದೂ ಇದೆ. ತೀನ್‌ತಾಲದ ಒಂಬತ್ತನೆಯ ಮಾತ್ರೆಯಲ್ಲಿ ಖಾಲಿ, ಅಂದರೆ ತೂಕವಿಲ್ಲದ ಪೆಟ್ಟು, ಬರುತ್ತದೆ, ಅಲ್ಲಿ ತಾಳ ಉಸಿರೆಳೆದುಕೊಳ್ಳುತ್ತದೆ, ಆವೃತ್ತದ ಮೊದಲ ಮಾತ್ರೆಯಾದ ಮುಂದಿನ ಸಮ್‌ಗೆ ಕಾಯುವಂತೆ ಮಾಡುತ್ತದೆ. ಡಿಸ್ಕೋ ನಡೆಯಲ್ಲಿ ಖಾಲಿ ಇಲ್ಲ, ನಾಲ್ಕೂ ಪೆಟ್ಟು ಒಂದೇ ತೂಕದ್ದು. ಕಾಯುವಿಕೆ ಇಲ್ಲದಿರುವುದರಿಂದ ತಲುಪಿದ ಸಮಾಧಾನವೂ ಇಲ್ಲ. ಐದು ನಿಮಿಷದಲ್ಲಿ ಆಲಾಪಕ್ಕೆ ಜಾಗವಿಲ್ಲ. ಭೂಪಾಲಿಯಲ್ಲಿ ಇದರ ಪರಿಣಾಮ ಸ್ಪಷ್ಟ. ದೇಶಕಾರ್‌ನದೂ ಅದೇ ಐದು ಸ್ವರ, ಗಾಂಧಾರದಲ್ಲಿ ತಂಗುವುದೋ ಧೈವತದಲ್ಲಿ ತಂಗುವುದೋ ಎಂಬುದರಿಂದ ಎರಡನ್ನೂ ಬೇರ್ಪಡಿಸುತ್ತೇವೆ. ತಂಗಲು ಪುರುಸೊತ್ತೇ ಇಲ್ಲದ ನಡೆಯಲ್ಲಿ ಆ ಗೆರೆ ಮಸುಕಾಗುತ್ತದೆ. ಲಲಿತ್ ಮಾತ್ರ ಚೆನ್ನಾಗಿ ಬಂದಿದೆ. ಪಂಚಮ ಬಿಟ್ಟು, ಎರಡು ಮಧ್ಯಮಗಳನ್ನು ಬೆನ್ನುಬೆನ್ನಿಗೆ ತರುವ ಆ ರಾಗದ ವಿಚಿತ್ರ ಚೂಪು ಯಂತ್ರದ ಧ್ವನಿಗೆ ಒಗ್ಗಿಕೊಂಡಿದೆ.

ಗುರುಗಳಿಗೆ ಕೇಳಿಸಿ. ಲಲಿತ್‌ನಿಂದ ಶುರು ಮಾಡಿ, ಭೈರವದಿಂದ ಬೇಡ. ಭೈರವದಲ್ಲಿ ‘ಓಂ ನಮಃ ಶಿವಾಯ’ ಎಂಬುದನ್ನು ವೊಕೋಡರ್ ಎಂಬ ಉಪಕರಣದ ಮೂಲಕ ಯಂತ್ರದ ಗಂಟಲಿನಿಂದ ನುಡಿಸಿದ್ದಾರೆ. ನನಗದು ಇಷ್ಟ, ಆದರೆ ಹಿರಿಯ ಕಿವಿಗೆ ಮೊದಲ ಪರಿಚಯವೇ ಅದಾಗುವುದು ಬೇಡ.

ಮೈಸೂರಿನಿಂದ ನಿವೃತ್ತ ಗ್ರಂಥಪಾಲಕರು: 1982ರಲ್ಲಿ ನಾನು ಸಂಗೀತದ ಪತ್ರಿಕೆಗಳನ್ನೆಲ್ಲ ತರಿಸಿ ಓದುತ್ತಿದ್ದೆ. ಇದರ ಹೆಸರನ್ನೇ ಕೇಳಿರಲಿಲ್ಲ. ಆಗ ಯಾರೂ ಗಮನಿಸಲಿಲ್ಲವೇ?

ರೇಡಿಯೊದಲ್ಲಿ ಇದರ ಕೆಲವು ಭಾಗಗಳು ಪ್ರಸಾರವಾಗಿದ್ದವು, ಸ್ವಲ್ಪ ಕುತೂಹಲವೂ ಹುಟ್ಟಿತ್ತು. ಮಾರಾಟ ಆಗಲಿಲ್ಲ. ಬೇಗನೆ ಮರೆಯಾಯಿತು.

ಆ ವರ್ಷಗಳನ್ನು ನೆನಪು ಮಾಡಿಕೊಳ್ಳಿ. 1980ರಲ್ಲಿ ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’ ಬಂತು. ಅದನ್ನು ರಚಿಸಿದ ಬಿದ್ದು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು, ಲಂಡನ್ನಿನಲ್ಲಿ ಹೆಸರು ಮಾಡಿದವರು. ಮರುವರ್ಷ ಅದೇ ಬಿದ್ದು, ನಾಜಿಯಾ ಹಸನ್ ಜೊತೆ ‘ಡಿಸ್ಕೋ ದೀವಾನೆ’ ತಂದರು. 1982ರ ಕೊನೆಗೆ ಬಪ್ಪಿ ಲಾಹಿರಿಯವರ ಸಂಗೀತದ ‘ಡಿಸ್ಕೋ ಡಾನ್ಸರ್’. ಎಲ್ಲೆಡೆ ಡಿಸ್ಕೋ ಇದ್ದಾಗ, ಅದರಲ್ಲೇ ಬೇರೆ ಏನಾದರೂ ಮಾಡೋಣ, ತಬಲಾ ತೆಗೆದು ಆ ನಡೆಗೆ ರಾಗಗಳನ್ನು ನುಡಿಸೋಣ ಎಂದು ಹೊರಟದ್ದಾಗಿ ಸಿಂಗ್ ಅವರೇ ನಂತರದ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಆದರೆ ಡಿಸ್ಕೋ ಕೇಳುವವರಿಗೆ ಹಾಡು ಬೇಕಿತ್ತು, ಗಾಯಕಿ ಬೇಕಿತ್ತು, ಪರದೆಯ ಮೇಲೆ ಕುಣಿಯುವವರು ಬೇಕಿತ್ತು. ರಾಗ ಕೇಳುವವರಿಗೆ ಡಿಸ್ಕೋ ಎಂಬ ಪದವೇ ಮುಖಪುಟದ ಮೇಲೆ ಇರಬಾರದಿತ್ತು. ನಮ್ಮ ಧಾರವಾಡದ ಅಂಗಡಿಗಳಲ್ಲಿ ಆಗ ರೆಕಾರ್ಡುಗಳಿಗೆ ಮೂರು ಕಪಾಟು: ಸಿನಿಮಾ, ಶಾಸ್ತ್ರೀಯ, ಭಕ್ತಿ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರ ಎಲ್‌ಪಿಗಳ ಪಕ್ಕ ಇದನ್ನು ಇಡಲು ಯಾವ ಅಂಗಡಿಯವರೂ ಒಪ್ಪುತ್ತಿರಲಿಲ್ಲ. ಶಾಸ್ತ್ರೀಯ ವಿಮರ್ಶಕರು ಇದನ್ನು ಸಿನಿಮಾದವರ ಚೇಷ್ಟೆ ಎಂದು ಬಿಟ್ಟಿರಬೇಕು, ಸಿನಿಮಾ ಪತ್ರಿಕೆಗಳಿಗೆ ಇದರಲ್ಲಿ ಸಿನಿಮಾ ಇರಲಿಲ್ಲ. ಮೇಲಾಗಿ ಕ್ಯಾಸೆಟ್ ಯುಗ ಶುರುವಾಗಿತ್ತು, ಎಲ್‌ಪಿ ಕೊಳ್ಳುವವರೇ ಕಡಿಮೆಯಾಗುತ್ತಿದ್ದರು.

ದಾವಣಗೆರೆಯಿಂದ: ಭಾರತದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಇದೇ ತಾನೇ?

ಅಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಅಮೆರಿಕದ ಡೇವಿಡ್ ಟ್ಯೂಡರ್ ನೆರವಿನಿಂದ ಮೂಗ್ ಸಿಂಥಸೈಜರ್ ಇರುವ ಸ್ಟುಡಿಯೊ ಸ್ಥಾಪನೆಯಾಗಿತ್ತು. ಗೀತಾ ಸಾರಾಭಾಯ್, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರಾ ಅಲ್ಲಿ ಕೃತಿಗಳನ್ನು ರಚಿಸಿದರು. 1972ರ ನಂತರ ಆ ಟೇಪುಗಳು ಕಪಾಟಿನಲ್ಲಿ ಉಳಿದವು. ಇಂಗ್ಲೆಂಡಿನ ಸಂಗೀತಗಾರ ಪಾಲ್ ಪರ್ಗಾಸ್ ಅವುಗಳನ್ನು ಹುಡುಕಿ ತೆಗೆದ ಮೇಲೆ 2023ರಲ್ಲಿ ಅವು ಧ್ವನಿಮುದ್ರಿಕೆಯಾಗಿ ಬಂದವು. ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ, ಬೆಂಗಳೂರಿನ ರಾಜ್ ನಾರಾಯಣ್ 1979ರ ಹೊತ್ತಿಗೆ ಎಲೆಕ್ಟ್ರಾನಿಕ್ ತಂಬೂರಿಯನ್ನು ಮಾಡಿದ್ದರು. ಇಂದು ಅಭ್ಯಾಸಕ್ಕೆ ಕೂರುವ ಎಷ್ಟೋ ಮಕ್ಕಳ ಪಕ್ಕದಲ್ಲಿ ಗುಂಯ್‌ಗುಡುವ ಪೆಟ್ಟಿಗೆಯ ಮೂಲ ಅದು. ಆ ಪೆಟ್ಟಿಗೆಯನ್ನು ಯಾರೂ ಪ್ರಯೋಗ ಎಂದು ಕರೆಯಲಿಲ್ಲ, ಹಾಗಾಗಿ ಅದರ ಬಗ್ಗೆ ವಿಮರ್ಶೆಯೂ ಬರಲಿಲ್ಲ.

ನೆದರ್ಲೆಂಡ್ಸ್‌ನಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು: ಇಲ್ಲಿನ ನನ್ನ ಸಹೋದ್ಯೋಗಿಗಳ ಮನೆಯಲ್ಲಿ ಈ ಎಲ್‌ಪಿ ಇದೆ, ನನ್ನ ಮನೆಯಲ್ಲಿಲ್ಲ. ನಮ್ಮದನ್ನು ನಮಗೆ ಹೊರಗಿನವರೇ ತೋರಿಸಬೇಕೇ ಎಂದು ಸಂಕಟವಾಗುತ್ತದೆ. ಇದನ್ನು ಹೇಗೆ ನೋಡಬೇಕು?

ನೀವಿರುವ ದೇಶದವರೇ ಆದ ಎಡೊ ಬೌಮನ್ ಎಂಬ ಸಂಗ್ರಾಹಕರು 2002ರಲ್ಲಿ ದೆಹಲಿಯ ಅಂಗಡಿಯೊಂದರಲ್ಲಿ ಈ ಹಳೆಯ ಎಲ್‌ಪಿಯನ್ನು ಕಂಡರು. ಅಷ್ಟಕ್ಕೇ ಬಿಟ್ಟಿದ್ದರೆ ಅದು ಇನ್ನೊಬ್ಬ ಸಂಗ್ರಾಹಕರ ಕಪಾಟಿಗೆ ಸೇರುತ್ತಿತ್ತು. ಅವರು ಸಿಂಗ್ ಅವರನ್ನು ಹುಡುಕಿಕೊಂಡು ಮುಂಬೈಗೆ ಹೋದರು, ಮಾತನಾಡಿಸಿದರು, ತಮ್ಮ ಬಾಂಬೆ ಕನೆಕ್ಷನ್ ಎಂಬ ಪುಟ್ಟ ಲೇಬಲ್‌ನಿಂದ 2010ರಲ್ಲಿ ಮರುಮುದ್ರಿಸಿದರು. ಸಿನಿಮಾ ಶೀರ್ಷಿಕೆಗಳಲ್ಲಿ ಹೆಸರೇ ಬಾರದ ವಾದಕರ ವರ್ಗಕ್ಕೆ ಸೇರಿದ ಒಬ್ಬರು ಎಪ್ಪತ್ತರ ವಯಸ್ಸಿನ ಆಚೆಗೆ ಯುರೋಪಿನ ವೇದಿಕೆಗಳಲ್ಲಿ ತಮ್ಮದೇ ಹೆಸರಿನಲ್ಲಿ, ತಮ್ಮದೇ ರಾಗಗಳನ್ನು ನುಡಿಸಿದರು, ಯುವಜನ ಅದಕ್ಕೆ ಕುಣಿದರು. 2015ರ ಜುಲೈನಲ್ಲಿ ಮುಂಬೈಯಲ್ಲಿ ತೀರಿಕೊಳ್ಳುವ ಮುನ್ನ ಅಷ್ಟಾದರೂ ಅವರಿಗೆ ದಕ್ಕಿತು. ಬೌಮನ್ ಅವರಿಗೆ ನಾನು ಕೃತಜ್ಞಳು. ಈ ವಿಷಯದಲ್ಲಿ ಸಂಕಟಪಡುವ ಬದಲು ನೀವೂ ಒಂದು ಎಲ್‌ಪಿ ಕೊಳ್ಳಿ.

ನನ್ನ ತಕರಾರು ಬೇರೆ ಕಡೆಗಿದೆ. ಅಲ್ಲಿಯ ವಿಮರ್ಶೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಧಾಟಿಯೆಂದರೆ, ಇದು ಆಕಸ್ಮಿಕವಾಗಿ ಸಂಭವಿಸಿತು ಎಂಬುದು. ತಾನೇನು ಮಾಡುತ್ತಿದ್ದೇನೆ ಎಂಬ ಅರಿವಿಲ್ಲದ ಒಬ್ಬ ಸಾಧು ಮನುಷ್ಯ, ಅರಿಯದೇ ಭವಿಷ್ಯವನ್ನು ಮುಟ್ಟಿಬಿಟ್ಟ ಎಂಬಂತೆ. ಪ್ರೀತಿಯಿಂದಲೇ ಬರೆದಿರುತ್ತಾರೆ, ಆದರೂ ಅದು ಅನ್ಯಾಯ. ಮೂರು ಯಂತ್ರಗಳು ಒಂದೇ ನಡೆಯಲ್ಲಿ ಓಡುವಂತೆ ಒಂದಕ್ಕೊಂದು ಜೋಡಿಸುವುದು, ರಾಗಕ್ಕೊಂದು ಆವೃತ್ತವನ್ನು ರಚಿಸಿ ಒಂದೊಂದೇ ಸ್ವರವಾಗಿ ತುಂಬಿಸುವುದು, ಹತ್ತು ರಾಗಗಳನ್ನು ಹೊತ್ತಿನ ಕ್ರಮಕ್ಕೆ ಹತ್ತಿರ ಜೋಡಿಸುವುದು, ಇವು ಯಾವುವೂ ಆಕಸ್ಮಿಕದಲ್ಲಿ ಆಗುವುದಿಲ್ಲ. ಸಿನಿಮಾ ಸ್ಟುಡಿಯೊದ ವಾದಕರಿಗೆ ನೊಟೇಶನ್ ನೋಡಿದ ಕೂಡಲೇ ನುಡಿಸುವ ತಯಾರಿ ಇರುತ್ತದೆ, ಹೊಸ ವಾದ್ಯ ಬಂದರೆ ಅದರಿಂದ ಮುಂದಿನ ವಾರದ ರೆಕಾರ್ಡಿಂಗ್‌ಗೆ ಏನು ತೆಗೆಯಬಹುದು ಎಂಬ ಹುಡುಕಾಟ ಇರುತ್ತದೆ. ಸಿಂಗ್ ಆ ಕಸುಬಿನ ನುರಿತ ಕೈ. ಚಿಕಾಗೋದ ಯುವಕರು ನಾಬ್ ತಿರುಗಿಸಿದ್ದನ್ನು ಪ್ರತಿಭೆ ಎನ್ನುವವರು, ಮುಂಬೈಯ ಹಿರಿಯರು ಮಾಡಿದ್ದನ್ನು ಅದೃಷ್ಟ ಎನ್ನಬಾರದು. ನಿಮ್ಮ ಸಹೋದ್ಯೋಗಿಗಳು ಮುಂದಿನ ಸಲ ಆ ಎಲ್‌ಪಿ ಹಾಕಿದಾಗ, ಯಾವ ರಾಗ ನುಡಿಯುತ್ತಿದೆ, ಅದರ ಹೊತ್ತು ಯಾವುದು ಎಂದು ಅವರಿಗೆ ಹೇಳಿ. ಆ ಮನೆಯಲ್ಲಿ ಅದನ್ನು ಹೇಳಬಲ್ಲವರು ನೀವು.

ಬಳ್ಳಾರಿಯಿಂದ ಕಿರುಚಿತ್ರ ಮಾಡುತ್ತಿರುವ ಯುವತಿ: ನನ್ನ ಚಿತ್ರದ ಒಂದು ದೃಶ್ಯಕ್ಕೆ ಈ ಧ್ವನಿಮುದ್ರಿಕೆಯ ‘ರಾಗ ಬೈರಾಗಿ’ ಬಹಳ ಹೊಂದುತ್ತದೆ. ಹಳೆಯದಾದ್ದರಿಂದ ಬಳಸಬಹುದು, 30 ಸೆಕೆಂಡಿನೊಳಗೆ ಇದ್ದರೆ ತೊಂದರೆಯಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಹೌದೇ?

ಎರಡೂ ತಪ್ಪು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ 30 ಸೆಕೆಂಡು ಎಂಬ ವಿನಾಯಿತಿಯೇ ಇಲ್ಲ. ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ವರ್ಷದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1982ರ ಮುದ್ರಿಕೆ ಎಂದರೆ 2042ರ ಕೊನೆಯವರೆಗೆ. ಚಿತ್ರಕ್ಕೆ ಹಿನ್ನೆಲೆಯಾಗಿ ಅಳವಡಿಸಲು, ಅದು ಹಣಕ್ಕಾಗಿ ಮಾಡಿದ ಚಿತ್ರವಲ್ಲದಿದ್ದರೂ, ಅನುಮತಿ ಬೇಕು. ಅನುಮತಿಯಿಲ್ಲದೆ ಯೂಟ್ಯೂಬಿಗೆ ಹಾಕಿದರೆ ಅಲ್ಲಿನ ಸ್ವಯಂಚಾಲಿತ ಪತ್ತೆ ವ್ಯವಸ್ಥೆ ಗುರುತಿಸಿ ಚಿತ್ರವನ್ನು ತಡೆಯಬಹುದು, ಜಾಹೀರಾತಿನ ಹಣವನ್ನು ಹಕ್ಕುದಾರರಿಗೆ ತಿರುಗಿಸಬಹುದು. ಚಿತ್ರೋತ್ಸವಗಳು ಸಂಗೀತದ ಅನುಮತಿ ಪತ್ರವನ್ನು ಕೇಳುವುದುಂಟು, ಅದಿಲ್ಲದೆ ನಿಮ್ಮ ಇಡೀ ಶ್ರಮ ಅಲ್ಲೇ ನಿಂತುಹೋಗಬಹುದು.

ಕಾಯ್ದೆಯ 52ನೇ ಸೆಕ್ಷನ್ ಕೆಲವು ವಿನಾಯಿತಿಗಳನ್ನು ಕೊಡುತ್ತದೆ. ವಿಮರ್ಶೆ ಮಾಡುವಾಗ ನ್ಯಾಯವಾದ ಪ್ರಮಾಣದಲ್ಲಿ ಒಂದು ತುಣುಕನ್ನು ಕೇಳಿಸಬಹುದು. ಶಾಲೆ, ಕಾಲೇಜಿನ ಚಟುವಟಿಕೆಯಲ್ಲಿ, ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರಷ್ಟೇ ಕೇಳುವಂತಿದ್ದರೆ ಧ್ವನಿಮುದ್ರಣವನ್ನು ಹಾಕಬಹುದು. ಕಿರುಚಿತ್ರದ ಹಿನ್ನೆಲೆ ಈ ಎರಡರಲ್ಲೂ ಬರುವುದಿಲ್ಲ.

ಅನುಮತಿಗಾಗಿ ಮೊದಲು ವಿಚಾರಿಸಬೇಕಾದದ್ದು ಸರೆಗಮ ಸಂಸ್ಥೆಯಲ್ಲಿ. ಹಳೆಯ ಗ್ರಾಮಫೋನ್ ಕಂಪನಿಯೇ 2000ದಲ್ಲಿ ಆ ಹೆಸರು ಪಡೆಯಿತು. ಚಿತ್ರದ ಅವಧಿ, ಬಳಸುವ ಸೆಕೆಂಡುಗಳು, ಎಲ್ಲಿ ತೋರಿಸುತ್ತೀರಿ, ಹಣ ಬರುತ್ತದೆಯೇ ಎಂಬುದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಶುಲ್ಕ ನಿಮ್ಮ ಕೈಗೆ ಮೀರಿದ್ದಾದರೆ ಇನ್ನೊಂದು ದಾರಿಯಿದೆ. ಬೈರಾಗಿ ರಾಗದ ಮೇಲೆ ಯಾರಿಗೂ ಹಕ್ಕಿಲ್ಲ. ಷಡ್ಜ, ಕೋಮಲ ರಿಷಭ, ಶುದ್ಧ ಮಧ್ಯಮ, ಪಂಚಮ, ಕೋಮಲ ನಿಷಾದ, ಈ ಐದು ಸ್ವರಗಳಲ್ಲಿ ಹದಿನಾರು ಮನೆಯ ಒಂದು ಆವೃತ್ತವನ್ನು ನೀವೇ ಕಟ್ಟಬಹುದು. 303, 808ರ ಧ್ವನಿಯನ್ನು ಹೋಲುವ ತಂತ್ರಾಂಶಗಳು ಈಗ ಉಚಿತವಾಗಿಯೂ ಸಿಗುತ್ತವೆ. ಸಿಂಗ್ ಅವರ ಸ್ವರಸಾಲನ್ನು ನಕಲು ಮಾಡಬೇಡಿ, ನಿಮ್ಮ ದೃಶ್ಯದ ನಡಿಗೆಗೆ ತಕ್ಕ ಲಯ ಇಟ್ಟುಕೊಳ್ಳಿ. ಕೆಳಗಿನ ಆವೃತ್ತ ಸಿದ್ಧವಾದ ಮೇಲೆ ಬಳ್ಳಾರಿಯಲ್ಲೇ ಒಬ್ಬ ಬಾನ್ಸುರಿ ವಾದಕರನ್ನೋ ಗಾಯಕರನ್ನೋ ಕರೆದು ಮೇಲೆ ರಾಗವನ್ನು ಹಾಡಿಸಿ, ಅವರಿಗೆ ಸಂಭಾವನೆ ಕೊಟ್ಟು ಶೀರ್ಷಿಕೆಯಲ್ಲಿ ಹೆಸರು ಹಾಕಿ. ಧ್ವನಿಮುದ್ರಣವಾದ ದಿನವೇ ಅವರಿಂದ ಬಳಕೆಯ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯುವುದನ್ನು ಮರೆಯಬೇಡಿ.